ಒಂದು ಸಾಲು ಬಿಟ್ಟು ನೋಡಿದ ಕಾಕು

ನಮ್ಮ ಪ್ರಯೋಗಾಲಯ ನೋಡಲು ಬರುವ ದೊಡ್ಡವರು ಮೊದಲು ಹುಡುಕುವುದು ಫೋಟೋಕ್ಕೆ ಬೆಳಕು ಎಲ್ಲಿ ಚೆನ್ನಾಗಿದೆ ಎಂಬುದನ್ನು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಂತೆ ಮಾಡಿ, ಮುಖವನ್ನು ಕ್ಯಾಮೆರಾದ ಕಡೆಗೆ ತುಸು ತಿರುಗಿಸಿ ನಿಲ್ಲುತ್ತಾರೆ. ಏನು ಕಂಡಿತು ಎಂದು ಕೇಳಿದರೆ ‘ಭಾಳ ಛಲೋ ಐತ್ರಿ’ ಅನ್ನುತ್ತಾರೆ. ಕರೆಂಟ್ ಹೋಗಿ ದೀಪವೇ ಇಲ್ಲದ ದಿನವೂ ಒಬ್ಬ ಪುಣ್ಯಾತ್ಮರು ಹಾಗೇ ಅಂದಿದ್ದಾರೆ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಆ ಯಂತ್ರದೊಳಗೆ ನಿಜವಾಗಿ ನೋಡಿ, ಕಂಡದ್ದರ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದ ಹೊರಗಿನವರು ಒಬ್ಬರೇ. ಅವರು ಬೆಲ್ಲದ ಬಾಗೇವಾಡಿಯ ಒಬ್ಬ ಕೂಲಿ ಹೆಣ್ಣುಮಗಳು. ಕನ್ನಡ ಸಾಲಿ ನಾಲ್ಕನೆಯ ಇಯತ್ತೆಗೆ ಬಿಟ್ಟವರು. ಅವರು ತೀರಿಕೊಂಡು ತಿಂಗಳಾಯಿತು. ‘ಎಲ್ಲೆರ ಬರದ್ರ ಹೆಸರ ಹಾಕಬ್ಯಾಡ’ ಎಂದು ಬದುಕಿದ್ದಾಗಲೇ ತಾಕೀತು ಮಾಡಿದ್ದರು. ಅದಕ್ಕೆ ನಾನು ಕರೆಯುತ್ತಿದ್ದ ಹಾಗೆ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಬರೆಯುತ್ತೇನೆ.

ನಾನು ಮೂಡಲಗಿಯವಳು, ಗೋಕಾಕದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಟೆಕ್ನಿಶಿಯನ್. ನಮ್ಮ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಮನುಷ್ಯರ ಬಾಯೊಳಗಿನ ಒಸಡಿನ ಸಣ್ಣ ಚೂರು ತಂದು, ಅದರ ಜೀವಕೋಶಗಳನ್ನು ಗಾಜಿನಂಥ ತಟ್ಟೆಗಳಲ್ಲಿ ಬೆಳೆಸುತ್ತೇವೆ. ಅವಕ್ಕೆ ತಂಬಾಕಿನ ರಸ ಹಾಕಿ ಎಷ್ಟು ಕೆಡುತ್ತವೆ ನೋಡುತ್ತೇವೆ. ಅರಿಶಿಣವೋ ನೆಲ್ಲಿಕಾಯಿಯೋ ಇನ್ನೊಂದೋ ಆ ಕೆಡುಕನ್ನು ತಡೆಯುತ್ತದೆಯೇ, ಕ್ಯಾನ್ಸರ್ ಬರುವ ಮೊದಲೇ ಅದಕ್ಕೆ ಅಡ್ಡ ನಿಲ್ಲುತ್ತದೆಯೇ, ಅಥವಾ ಔಷಧವೆಂದು ಹಾಕಿದ್ದೇ ವಿಷವಾಗುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಜೀವಂತ ಮನುಷ್ಯನ ಮೇಲೆ ಮಾಡಬಾರದ್ದನ್ನು ಅವನ ಅಕ್ಕಿಕಾಳಿನಷ್ಟು ಮಾಂಸದ ಮೇಲೆ ಮಾಡಿ ನೋಡುವ ಕೆಲಸ ಇದು.

ಆ ಅಕ್ಕಿಕಾಳಿಗಾಗಿಯೇ ನಾನು ಹಿಡಕಲ್‌ನಲ್ಲಿ ನಡೆದ ಹಲ್ಲಿನ ಶಿಬಿರಕ್ಕೆ ಹೋಗಿದ್ದೆ. ಕಾಕು ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದರು. ಉಳಿದವರೆಲ್ಲ ಒಪ್ಪಿಗೆ ಪತ್ರದ ಕೆಳಗೆ ಸಹಿ ಎಲ್ಲಿ ಮಾಡಬೇಕು ಎಂದು ಕೇಳಿದರೆ, ಇವರು ಚಾಳೀಸು ಹಾಕಿಕೊಂಡು, ಬೆರಳಿಟ್ಟು ಇಡೀ ಪತ್ರ ಓದಿದರು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ನನಗೆ ಒಳಗೊಳಗೇ ಸಿಟ್ಟು.

“ಜೀವಕೋಶ ಕೃಷಿ ಅಂತ ಐತಿ. ಕೃಷಿ ಅಂದ್ರ ನಮ್ಮ ಕೆಲಸ. ಇದು ಯಾವ ಬೆಳಿರಿ?”

“ಬೆಳಿ ಅಲ್ರಿ. ನಿಮ್ಮ ಒಸಡಿನ ಚೂರ ತಗೊಂಡು ಪ್ರಯೋಗಾಲಯದಾಗ ಬೆಳಸ್ತೇವಿ.”

“ಹಂಗಾರ ಹೊಲ ನಂದು, ಕಮತ ನಿಮ್ದು,” ಅಂದರು. ಊದಿದ ದವಡೆ ಹಿಡಿದುಕೊಂಡೇ ನಕ್ಕರು. “ಇಷ್ಟ ವರ್ಷ ಮಂದಿ ಹೊಲದಾಗ ದುಡದೇನಿ. ಇವತ್ತ ಹೊಲ ನಂದಾತ ನೋಡ್ರಿ.”

ಆ ಪತ್ರದಲ್ಲಿ ಒಂದು ಸಾಲಿದೆ: ನಿಮ್ಮ ಅಂಗಾಂಶದ ಮೇಲೆ ಏನು ಪ್ರಯೋಗ ನಡೆಯುತ್ತದೆ ಎಂದು ತಿಳಿಯುವ ಹಕ್ಕು ನಿಮಗಿದೆ. ಅದನ್ನು ಬರೆದ, ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಸರ್ ಕೂಡ ಅದನ್ನು ಯಾರಾದರೂ ಓದುತ್ತಾರೆ ಎಂದುಕೊಂಡಿರಲಿಲ್ಲ. ಮೂರು ವಾರದ ನಂತರ ಒಂದು ಸೋಮವಾರ ಕಾಕು ಆ ಪತ್ರದ ಪ್ರತಿ ಕೈಯಲ್ಲಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಹುಕ್ಕೇರಿಗೆ ಬಂದು, ಅಲ್ಲಿಂದ ಆಧಾರ್ ತೋರಿಸಿ ಬಸ್ಸು ಹಿಡಿದು ಗೋಕಾಕಕ್ಕೆ ಬಂದಿದ್ದರು. “ಹಕ್ಕು ಐತಿ ಅಂತ ಬರದೀರಿ. ಅದಕ್ಕ ಬಂದೇನಿ.”

ನಾನೇ ಒಳಗೆ ಕರೆದೆ.

ಅವರ ಕೋಶಗಳನ್ನು ತೋರಿಸಿದೆ. ಅವು ಉಣ್ಣುವ ಗುಲಾಬಿ ಬಣ್ಣದ ದ್ರವ ತೋರಿಸಿದೆ, ಅವುಗಳನ್ನು ನಮ್ಮ ಮೈಬಿಸಿಯಲ್ಲೇ ಇಡುವ ಪೆಟ್ಟಿಗೆ ತೋರಿಸಿದೆ. ತಟ್ಟೆ ತುಂಬಿ ಇಕ್ಕಟ್ಟಾದಾಗ ಕೋಶಗಳನ್ನು ಬಿಡಿಸಿ ನಾಲ್ಕು ತಟ್ಟೆಗೆ ಹಂಚುತ್ತೇವೆ ಎಂದಾಗ ಕಾಕು, “ಅಗಿ ಕಿತ್ತ ಹಚ್ಚಿದಂಗ,” ಅಂದರು. ಅಗಿ ಅಂದರೆ ಮೆಣಸಿನಕಾಯಿ, ತಂಬಾಕಿನ ಎಳೆಯ ಸಸಿ. ಮಡಿಯಲ್ಲಿ ಒತ್ತಾಗಿ ಬೆಳೆದದ್ದನ್ನು ಕಿತ್ತು ಹೊಲದಲ್ಲಿ ನೆಡುತ್ತಾರೆ. ಅವತ್ತಿನಿಂದ ಅವರ ಬಾಯಲ್ಲಿ ಆ ಕೋಶಗಳು ‘ನನ್ನ ಅಗಿ’ ಆದವು.

ನಂತರ ಸರ್ ತಮ್ಮ ಪ್ರಯೋಗ ವಿವರಿಸಲು ಹೊರಟರು. ತಟ್ಟೆಯಲ್ಲಿ ಸಾಲುಸಾಲಾಗಿರುವ ಸಣ್ಣ ಕುಳಿಗಳನ್ನು ತೋರಿಸಿ, ಈ ಸಾಲಿನ ಕುಳಿಗಳಿಗೆ ಮಿಸ್ರಿಯ ನೀರು ಹಾಕುತ್ತೇವೆ ಎಂದರು. ತಂಬಾಕಿನ ಎಲೆಯನ್ನು ತವೆಯ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಮುಂಜಾನೆ ಹಲ್ಲಿಗೆ ತಿಕ್ಕುವುದೇ ಮಿಸ್ರಿ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದಿಲ್ಲದೆ ಹೊತ್ತು ಏರುವುದಿಲ್ಲ. ಈ ಸಾಲಿಗೆ ಮಿಸ್ರಿಯ ಜೊತೆ ಅರಿಶಿಣದ ಸತ್ವ ಎಂದರು. ಕಾಕು ತಡೆದರು.

“ಏನೂ ಹಾಕದ ಒಂದ ಸಾಲ ಬಿಟ್ಟೀರಿಲ್ರಿ?”

ಸರ್ ತಟ್ಟೆಯ ಅಂಚಿನ ಸಾಲನ್ನು ಬೆರಳಿನಿಂದ ತೋರಿಸಿದರು.

“ಕಬ್ಬಿನಾಗ ಕಸಕ್ಕ ಎಣ್ಣಿ ಹೊಡಿಯುವಾಗ ನಾ ಒಂದ ಸಾಲ ಹಂಗ ಬಿಡಸ್ತೇನ್ರಿ. ಇಲ್ಲಾಂದ್ರ ಬೆಳಿ ಎಣ್ಣಿಗೆ ಬಾಡಿತೋ ಬಿಸಲಿಗೆ ಬಾಡಿತೋ ಹೆಂಗ ತಿಳಿಬೇಕು? ಮತ್ತ ಇನ್ನೊಂದ ಮಾತ. ಕಸ ಸಾಯತೈತೋ ಇಲ್ಲೋ ಆಮ್ಯಾಲ ನೋಡ್ರಿ. ಎಣ್ಣಿಗೆ ಬೆಳಿ ಸುಡತೈತೇನು, ಅದನ್ನ ಮೊದಲ ನೋಡ್ರಿ.”

ಎಣ್ಣಿ ಅಂದರೆ ಕಳೆನಾಶಕ. ಎರಡು ಮಾತಿನಲ್ಲಿ ನಮ್ಮ ವಿದ್ಯೆಯ ಬುಡವನ್ನೇ ಹೇಳಿ ಮುಗಿಸಿದ್ದರು. ಏನೂ ಹಾಕದ ಸಾಲು, ಮತ್ತು ಆರೋಗ್ಯವಂತ ಕೋಶಕ್ಕೆ ತಗಲುವ ವಿಷದ ಪರೀಕ್ಷೆ. ಇವೆರಡನ್ನು ಎಂ.ಎಸ್ಸಿ. ಹುಡುಗರ ತಲೆಗೆ ತುಂಬಲು ಸರ್ ಒಂದು ತಿಂಗಳು ಗಂಟಲು ಹರಿದುಕೊಳ್ಳುತ್ತಾರೆ. ಅವರು ಎದ್ದು ತಮ್ಮ ಕುರ್ಚಿಯನ್ನು ಕಾಕುವಿನ ಕಡೆ ಸರಿಸಿ, ತಾವು ಸ್ಟೂಲಿನ ಮೇಲೆ ಕುಳಿತರು. ಸರ್ ಯಾರಿಗೂ ಕುರ್ಚಿ ಬಿಟ್ಟುಕೊಟ್ಟದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಆ ದಿನವೇ ಕಾಕು ಮಿಸ್ರಿ ಹಾಕಿದ ಸಾಲನ್ನೂ ನೋಡಿದರು. ನಾವು ಕೋಶಗಳಿಗೆ ಒಂದು ನೀಲಿ ಬಣ್ಣ ಹಾಕುತ್ತೇವೆ. ಬದುಕಿದ್ದು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ಕುಡಿದು ನೀಲಿಯಾಗುತ್ತದೆ. ಬಹಳ ಹೊತ್ತು ನೋಡಿದರು. ಸಾಲೆಲ್ಲ ನೀಲಿಯಾಗಿತ್ತು. ಸೊಂಟದಲ್ಲಿ ಸಿಕ್ಕಿಸಿದ್ದ ಸಣ್ಣ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಮಿಸ್ರಿಯ ಡಬ್ಬಿ. “ಹತ್ತ ವರ್ಷದಾಕಿ ಇದ್ದಾಗಿಂದ ತಿಕ್ಕೇನ್ರಿ. ಇದನ್ನ ನೀವ ಇಟ್ಕೋರಿ, ನಿಮ್ಮ ಕೆಲಸಕ್ಕ ಬರತೈತಿ.” ಅಷ್ಟೇ ಅಂದು ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಬಿಡುವುದು ಅಷ್ಟು ಸುಲಭವೇನೂ ಆಗಿರಲಿಲ್ಲ. ತಲೆ ಸಿಡಿಯುತ್ತದೆ, ಹೊಟ್ಟೆ ಕಟ್ಟುತ್ತದೆ, ಮನೆಮಂದಿಯ ಮೇಲೆ ಸುಮ್ಮನೆ ಹರಿಹಾಯುವಂತಾಗುತ್ತದೆ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಬಾಯಿಗೆ ಬೇರೆ ಏನಾದರೂ ಬೇಕೆಂದು ತಮ್ಮ ತಾಯಿ ಮಾಡುತ್ತಿದ್ದ ಹಲ್ಲುಪುಡಿಯನ್ನು ನೆನಪಿನಿಂದ ಮಾಡಿಕೊಂಡರು. ಜಾಲಿ ತೊಗಟೆ, ಉಪ್ಪು, ಲವಂಗ, ಅರಿಶಿಣ, ಒಸಡು ಗಟ್ಟಿಯಾಗಲೆಂದು ಚಿಟಿಕೆ ಹುರಿದ ಮೈಲುತುತ್ತ, ಅಂದರೆ ದ್ರಾಕ್ಷಿ ತೋಟಕ್ಕೆ ಹೊಡೆಯುತ್ತಾರಲ್ಲ, ಆ ನೀಲಿ ಹರಳು. ಮೂರು ತಿಂಗಳಲ್ಲಿ ಮಿಸ್ರಿ ಬಿಟ್ಟೇಬಿಟ್ಟರು. ತಮ್ಮ ಜೊತೆ ಕಳೆ ತೆಗೆಯುವ ಹೆಂಗಸರಿಗೂ ಹಂಚಿದರು. ವರ್ಷ ತುಂಬುವಷ್ಟರಲ್ಲಿ ಇಪ್ಪತ್ತಾರು ಮನೆಗಳಲ್ಲಿ ‘ಕಾಕೂನ ಪುಡಿ’ ಸೇರಿತ್ತು. ಇಪ್ಪತ್ತಾರು ಮನೆಗಳಲ್ಲಿ ಮಿಸ್ರಿ ಹೊರಗೆ ಹೋಗಿತ್ತು. ಸರ್ಕಾರದ ಗೋಡೆಬರಹ ಮಾಡಲಾಗದ್ದನ್ನು ಒಬ್ಬ ಕೂಲಿ ಹೆಂಗಸು ಮಾಡಿದ್ದರು.

ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಹಾರ ಹಾಕಿಸಿಕೊಂಡು ಕೂರುತ್ತಿದ್ದರು. ಕಾಕು ಒಂದು ಡಬ್ಬಿ ಪುಡಿ ಹಿಡಿದು ಗೋಕಾಕಕ್ಕೆ ಬಂದರು.

“ಇದನ್ನ ನನ್ನ ಅಗಿ ಮ್ಯಾಲ ಹಾಕಿ ನೋಡ್ರಿ.”

“ಯಾಕ್ರಿ ಕಾಕು? ಎಲ್ಲಾರೂ ಛಲೋ ಐತಿ ಅಂತಾರಲ್ಲ.”

“ಮಿಸ್ರೀನೂ ಛಲೋ ಅಂತಿದ್ರು. ನಮ್ಮವ್ವ ಹೇಳಿದ್ಲು, ಆಕಿಗೆ ಅವರವ್ವ ಹೇಳಿದ್ಲು. ನಮ್ಮ ಬುದ್ಧ ವಿಹಾರದಾಗ ಹುಣ್ಣಿಮಿಗೆ ಹೇಳ್ತಾರ, ದೊಡ್ಡವರು ಅಂದ್ರಂತ ನಂಬಬ್ಯಾಡ್ರಿ, ನೀವ ನೋಡ್ರಿ ಅಂತ. ನಾ ಮಂದಿ ಬಾಯಾಗ ಹಾಕೇನಿ. ನೋಡದ ಹಾಕೇನಿ.”

ಸರ್ ಆಗದೆಂದು ಕೈಯಲ್ಲಾಡಿಸಿದರು. ಯೋಜನೆಯಲ್ಲಿ ಇಲ್ಲ, ಸಮಿತಿಯ ಒಪ್ಪಿಗೆ ಬೇಕು ಎಂದರು. ಆದರೂ ಪತ್ರ ಬರೆದರು. ಒಪ್ಪಿಗೆ ಬಂತು. ಶೀತದಲ್ಲಿ ಕಾದಿರಿಸಿದ್ದ ಕಾಕುವಿನ ಕೋಶಗಳನ್ನು ಎಬ್ಬಿಸಿ ಬೆಳೆಸಿದೆ. ಒಂದು ಸಾಲು ಬರಿದೇ ಬಿಟ್ಟೆ. ಒಂದಕ್ಕೆ ಮಿಸ್ರಿ. ಒಂದಕ್ಕೆ ಕಾಕುವಿನ ಪುಡಿಯ ನೀರು, ಜೊಲ್ಲಿನಲ್ಲಿ ಕಲಸಿದಾಗ ಎಷ್ಟು ತೆಳುವಾಗಬಹುದೋ ಅಷ್ಟು ತೆಳು ಮಾಡಿ. ಆ ಪುಡಿ ಗೆಲ್ಲಲಿ ಎಂದು ನಾನು ಬಯಸಿದ್ದೆ. ಸುಳ್ಳು ಯಾಕೆ ಹೇಳಲಿ, ಪೇಪರಿನಲ್ಲಿ ಬರುವ ಸುದ್ದಿಯ ತಲೆಬರಹವನ್ನೂ ಮನಸ್ಸಿನಲ್ಲಿ ಬರೆದುಕೊಂಡಿದ್ದೆ.

ಮರುದಿನ ನೋಡಿದರೆ ಬರಿದೇ ಬಿಟ್ಟ ಸಾಲು ತಿಳಿಯಾಗಿತ್ತು. ಮಿಸ್ರಿಯ ಸಾಲು ಪೂರ್ತಿ ನೀಲಿ. ಕಾಕುವಿನ ಸಾಲಿನಲ್ಲಿ ಅರ್ಧದಷ್ಟು ನೀಲಿ. ಅಳತೆ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಮತ್ತೆ ಅಷ್ಟೇ. ಮೂರನೆಯ ಸಲ ಸರ್ ತಾವೇ ಕುಳಿತು ಮಾಡಿದರು. ಅದೂ ಅಷ್ಟೇ. ಆ ವಾರ ಕಾಕು ಎರಡು ಸಲ ಫೋನ್ ಮಾಡಿ ಅಗಿ ಹೇಗಿದೆ ಎಂದು ಕೇಳಿದರು. ಇನ್ನೂ ನೋಡಿಲ್ಲ ಎಂದು ಎರಡೂ ಸಲ ಸುಳ್ಳು ಹೇಳಿದೆ. ಆ ಎಂಟು ದಿನ ಇಪ್ಪತ್ತಾರು ಮನೆಯವರು ಆ ಪುಡಿಯನ್ನೇ ತಿಕ್ಕುತ್ತಿದ್ದರು. ಅದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಅವರೇ ಬಂದರು. ತಟ್ಟೆಯನ್ನು ಯಂತ್ರದ ಕೆಳಗಿಟ್ಟು ಸರಿದು ನಿಂತೆ. ಅವರು ನೋಡಿದರು. ಒಂದೇ ಪ್ರಶ್ನೆ ಕೇಳಿದರು.

“ಪುಡಿಯೊಳಗ ತುತ್ತ ಐತಿ. ಅದೂ ನೀಲಿ. ಈ ಬಣ್ಣ ಅದರದ್ದಿರಬಹುದಲ್ಲ?”

ದನಿಯಲ್ಲಿ ಆಸೆಯಿತ್ತು. ಆದರೆ ಪ್ರಶ್ನೆ ಸರಿಯಾಗಿತ್ತು. ನಾನು ಬಣ್ಣ ಹಾಕದೆ ಬರೀ ಪುಡಿಯ ನೀರು ಹಾಕಿದ ತಟ್ಟೆ ತೋರಿಸಿದೆ. ಅದರಲ್ಲಿ ನೀಲಿ ಇರಲಿಲ್ಲ. ಏನೂ ಹಾಕದ ಸಾಲಿಗೆ ಅದೇ ಬಣ್ಣ ಹಾಕಿ ತೋರಿಸಿದೆ. ಅಲ್ಲೂ ಇರಲಿಲ್ಲ.

“ಹಂಗಾರ ಸತ್ತಾವ,” ಅಂದರು.

ನನಗೆ ತಡೆಯಲಾಗಲಿಲ್ಲ. “ತಟ್ಟಿ ಅಂದ್ರ ಬಾಯಿ ಅಲ್ರಿ ಕಾಕು. ಬಾಯಾಗ ಜೊಲ್ಲ ಹರಿತಿರತೈತಿ, ರಕ್ತ ಓಡತಿರತೈತಿ, ಹಳೇ ತೊಗಲ ಹೋಗಿ ಹೊಸಾದ ಬರತೈತಿ. ಇಲ್ಲಿ ಸತ್ತದ್ದ ಅಲ್ಲೂ ಸಾಯತೈತಿ ಅಂತೇನಿಲ್ಲ.” ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಕಾಕು ನನ್ನ ಮುಖ ನೋಡಿದರು. “ಮಿಸ್ರಿಗೆ ಸತ್ತಾಗ ನೀ ಹಂಗ ಅಂದಿದ್ದೇನ, ತಂಗಿ?”

ಅವರು ನನಗೆ ‘ನೀ’ ಅಂದದ್ದು ಅವತ್ತೇ ಮೊದಲು. ಬೈಗುಳದಂತೆ ಕೇಳಲಿಲ್ಲ, ಹಿರಿಯಕ್ಕ ಕೈ ಹಿಡಿದು ನಿಲ್ಲಿಸಿದಂತಿತ್ತು. ನನಗೆ ಇಷ್ಟವಿಲ್ಲದ್ದು ಕೊಂದರೆ ಒಂದು ಮಾತು, ಇಷ್ಟವಾದದ್ದು ಕೊಂದರೆ ಇನ್ನೊಂದು ಮಾತು. ನಾನು ತಲೆ ತಗ್ಗಿಸಿದೆ.

“ಇದರಾಗ ಯಾವುದು ಕೆಟ್ಟ ಅಂತ ಹೇಳಾಕ ಬರತೈತೇನ್ರಿ?” ಎಂದು ಕಾಕು ಸರ್‌ಗೆ ಕೇಳಿದರು. ಒಂದೊಂದಾಗಿ ಬಿಡಿಸಿ ನೋಡಬೇಕು, ನಾಲ್ಕು ತಿಂಗಳು ಬೇಕು ಎಂದರು ಸರ್. “ನೀವ ನೋಡ್ರಿ. ನಾ ಅಲ್ಲಿತನಕ ಮಂದಿಗೆ ಕೊಟ್ಟ ಡಬ್ಬಿ ತಿರಗಿ ತರತೇನಿ,” ಎಂದು ಕಾಕು ಎದ್ದರು.

ಮರುದಿನ ನಾನೂ ರಜೆ ಹಾಕಿ ಬೆಲ್ಲದ ಬಾಗೇವಾಡಿಗೆ ಹೋದೆ. ನನ್ನ ಎಂಟು ದಿನದ ಸುಳ್ಳನ್ನು ತೊಳೆದುಕೊಳ್ಳಲು ಬೇರೆ ದಾರಿ ನನಗೆ ತೋಚಲಿಲ್ಲ. ಕಾಕು ಮನೆಮನೆಗೂ ಹೋಗಿ ಒಂದೇ ಮಾತು ಹೇಳಿದರು: “ನಾ ಕೊಟ್ಟ ಪುಡಿ ಒಸಡ ಸುಡತೈತಿ. ನನ್ನ ಒಸಡಿನ ಮ್ಯಾಲ ಹಾಕಿಸಿ ನೋಡೇನಿ. ತಿರಗಿ ಕೊಡ್ರಿ.” ತಾಯಿಯ ಮೇಲೆ ಹಾಕಲಿಲ್ಲ, ನಮ್ಮ ಮೇಲೂ ಹಾಕಲಿಲ್ಲ. ಕೆಲವರು ನಕ್ಕರು. ಒಬ್ಬಾಕೆ, “ನಿನ್ನಿ ತನಕ ಅಮೃತ, ಇವತ್ತ ವಿಷ ಏನ?” ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು. “ಹೌದು, ನಂದ ತಪ್ಪು,” ಅಂದರು ಕಾಕು. ಅವರ ಮುಖ ಕೆಂಪಾಗಿತ್ತು. ಆದರೆ ಒಂದು ಬಾಗಿಲನ್ನೂ ಬಿಟ್ಟು ಮುಂದೆ ಹೋಗಲಿಲ್ಲ.

ಕೊನೆಯದು ಓಣಿಯ ತುದಿಯ ಮನೆ. ಅಲ್ಲಿದ್ದವರು ಕಾಕುವಿಗಿಂತ ಹತ್ತು ವರ್ಷ ಹಿರಿಯರು. ಊರೆಲ್ಲ ಅವರಿಗೆ ದೊಡ್ಡವ್ವ ಅನ್ನುತ್ತಿತ್ತು. ಐವತ್ತು ವರ್ಷ ಮಿಸ್ರಿ ತಿಕ್ಕಿದ ಬಾಯಿ, ಕೆನ್ನೆಯ ಒಳಗೆ ಬಿಳಿ ಮಚ್ಚೆ. ಡಾಕ್ಟರು ಹೆದರಿಸಿ ಕಳಿಸಿದ್ದರು. ಕಾಕುವಿನ ಪುಡಿಯಿಂದಲೇ ಮಿಸ್ರಿ ಬಿಟ್ಟಿದ್ದರು. ಅವರು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದರು.

“ಕೊಡೂದಿಲ್ಲ. ಇದನ್ನ ಕೊಟ್ರ ನಾ ನಾಳಿ ಮುಂಜಾನಿ ಮಿಸ್ರಿ ತಿಕ್ಕತೇನಿ. ನನ್ನ ಬಾಯಿ ನನಗ ಗೊತ್ತೈತಿ.”

ಕಾಕು ನನ್ನ ಕಡೆ ತಿರುಗಿದರು. “ಎರಡರಾಗ ಯಾವುದು ಜಾಸ್ತಿ ಸುಟ್ಟೈತಿ?”

“ಮಿಸ್ರಿ,” ಅಂದೆ. “ಭಾಳ ಜಾಸ್ತಿ. ಅವರಿಗೆ ಇರ್ಲಿ ಬಿಡ್ರಿ ಕಾಕು. ಮಿಸ್ರಿಕಿಂತ ಎಷ್ಟೋ ಪಾಡ.”

ಅವರು ಕಟ್ಟೆಯ ಮೇಲೆ ಕುಳಿತರು. ನಾನು ಹೇಳಿದ್ದು ಬುದ್ಧಿಯ ಮಾತೇ. ಅದನ್ನು ಒಪ್ಪಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ, ಎಲ್ಲರ ಡಬ್ಬಿಯನ್ನೂ ಅವರವರ ಮನೆಗೇ ಮರಳಿಸಿ, ಊರಲ್ಲಿ ಹೋದ ಮಾನವನ್ನೂ ಉಳಿಸಿಕೊಳ್ಳಬಹುದಿತ್ತು.

“ನಾ ಕೊಡುವಾಗ ಇದು ಛಲೋ ಐತಿ ಅಂತ ಕೊಟ್ಟೇನಿ,” ಅಂದರು ಕಾಕು. “ಕಡಿಮಿ ಕೆಟ್ಟ ಐತಿ ಅಂತ ಕೊಟ್ಟಿಲ್ಲ. ದೊಡ್ಡವ್ವಾ, ಡಬ್ಬಿ ಕೊಡು. ಅದರ ಬದಲಿ ನಾ ಬರ್ತೇನಿ.”

“ಎಲ್ಲಿಗೆ?”

“ಇಲ್ಲಿಗೇ. ದಿನಾ ಮುಂಜಾನಿ ನೀ ಮಾರಿ ತೊಳಿಯೂ ಹೊತ್ತಿಗೆ. ನಿನಗ ಮಿಸ್ರಿ ಆಸೆ ಹೋಗೂತನಕ ಬಾಜೂಕ ಕುಂತಿರ್ತೇನಿ. ನನಗ ಬೈ, ಜಗಳ ತಗಿ, ಏನರ ಮಾಡು.”

ದೊಡ್ಡವ್ವ ಸೆರಗು ಬಿಡಿಸಿದರು. ಆಮೇಲೆ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿ ಒಳಗೆ ಹೋದರು.

ಕಾಕು ಹೋದರು. ಒಂದು ದಿನವಲ್ಲ, ಒಂದು ವಾರವಲ್ಲ. ಹೊಲದ ಕೆಲಸಕ್ಕೆ ಹೊರಡುವ ಮೊದಲು ದಿನಾ ಆ ಕಟ್ಟೆಯ ಮೇಲೆ ಅರ್ಧ ತಾಸು. ಉಳಿದ ಮನೆಗಳಿಗೂ ಸರದಿಯಂತೆ. ದೊಡ್ಡವ್ವ ಕಾಕುವಿನ ಗಂಡನ ಮನೆಯ ಮೂರು ತಲೆಮಾರನ್ನು ಎತ್ತಿ ಬೈಯುತ್ತಿದ್ದರಂತೆ. ಇವರು ಕೇಳುತ್ತ ಕೂರುತ್ತಿದ್ದರಂತೆ. ನಾಲ್ಕು ತಿಂಗಳಿಗೆ ನಮ್ಮ ಫಲಿತಾಂಶ ಬಂತು. ಸುಡುತ್ತಿದ್ದದ್ದು ಮೈಲುತುತ್ತ. ಅದನ್ನು ಬಿಟ್ಟು ಉಳಿದದ್ದು ಆ ಅಳತೆಯಲ್ಲಿ ಕೋಶಗಳನ್ನು ಕೊಂದಿರಲಿಲ್ಲ. ಇನ್ನು ತುತ್ತವಿಲ್ಲದ ಪುಡಿ ಕೊಡಬಹುದಲ್ಲ ಎಂದು ಕುಣಿಯುತ್ತ ಫೋನ್ ಮಾಡಿದೆ. “ಸುಟ್ಟಿಲ್ಲ ಅಂದ್ರ ಛಲೋ ಅಂತ ಅಲ್ಲ, ತಂಗಿ. ಈಗ ಬರೀ ನೀರಿನ್ಯಾಗ ಬಾಯಿ ತೊಳ್ಯಾಕ ಕಲ್ತಾರ. ಇರ್ಲಿ ಬಿಡು,” ಅಂದರು. ಮತ್ತೆ ಒಂದು ಮಾತು ಸೇರಿಸಿದರು. “ಒಂಬತ್ತ ಮಂದಿ ತಿರಗಿ ಮಿಸ್ರಿಗೆ ಹೋದ್ರು. ಅದನ್ನೂ ನಿಮ್ಮ ವಹಿಯೊಳಗ ಬರಕೋರಿ. ಬರೀ ಗೆದ್ದದ್ದ ಬರೀಬ್ಯಾಡ್ರಿ.” ಬರೆದುಕೊಂಡೆ. ಅಷ್ಟು ಪ್ರಾಮಾಣಿಕವಾದ ಸಾಲು ನಮ್ಮ ವಹಿಯಲ್ಲಿ ಇನ್ನೊಂದಿಲ್ಲ. ನಾನು ಬಲ್ಲವರಲ್ಲಿ ವಿಜ್ಞಾನಿ ಎಂದು ಕೈ ಮುಗಿಯಬೇಕೆನಿಸಿದ್ದು ಅವರೊಬ್ಬರಿಗೇ.

ಕಳೆದ ತಿಂಗಳು ಎದೆನೋವು ಬಂದು, ಹುಕ್ಕೇರಿಯ ದವಾಖಾನೆ ಮುಟ್ಟುವ ಮೊದಲೇ ಕಾಕು ಹೋದರು. ನನಗೆ ತಿಳಿದದ್ದು ಮೂರನೆಯ ದಿನ. ಆ ದಿನವೇ ಊರಿಗೆ ಹೋಗಿ, ಅವರ ಮನೆಯವರನ್ನು ಮಾತಾಡಿಸಿ ಹೊರಬಂದೆ. ಓಣಿಯ ತುದಿಯಲ್ಲಿ ದೊಡ್ಡವ್ವ ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ನಾನು ಅಲ್ಲಿ ಕೂರಲಿಲ್ಲ, ಎದುರಿಗೆ ನಿಂತೆ.

“ಅವತ್ತ ಮುಂಜಾನಿ ಮಾರಿ ತೊಳ್ಯಾಕ ಚರಿಗಿ ನೀರ ತಗೊಂಡ ಕುಂತೆ,” ಅಂದರು. “ಆಕಿ ಬರಲಿಲ್ಲ. ಹೊತ್ತ ಏರಿತು, ಆಕಿ ಬರಲಿಲ್ಲ. ಇವತ್ತ ಬರ್ಲಿ, ಚಲೋತಂಗ ಬೈತೇನಿ ಅಂತ ಕುಂತಿದ್ದೆ. ಆಮ್ಯಾಲ ಹುಡುಗೂರು ಓಡಿ ಬಂದ ಹೇಳಿದ್ವು. ಬಾಯಿ ಮಿಸ್ರಿಗೆ ಎಂಥಾ ಎಳಿತು ಅಂತಿ, ಯವ್ವಾ. ಅಂಗಡಿ ಎದರಿಗೇ ಐತಿ.”

ನನಗೆ ಕೇಳಲು ಧೈರ್ಯವಿರಲಿಲ್ಲ. ಆದರೂ ಕೇಳಿದೆ. “ತಿಕ್ಕಿದ್ರೇನ್ರಿ?”

ದೊಡ್ಡವ್ವ ಬಿಸಿಲಿಗೆ ಮುಖ ಎತ್ತಿ, ಕೆಳದುಟಿಯನ್ನು ಬೆರಳಿನಿಂದ ಹೊರಳಿಸಿ ಹಿಡಿದರು.

“ನನ್ನ ಮಾತ ಯಾಕ ನಂಬತಿ? ನೀನ ನೋಡು.”

ನಾನು ಬಗ್ಗಿ ನೋಡಿದೆ. ಒಸಡು ತಿಳಿಗೆಂಪಾಗಿತ್ತು. ಹಲ್ಲಿನ ಸಂದಿಯಲ್ಲೂ ಮಿಸ್ರಿಯ ಕರಿ ಇರಲಿಲ್ಲ.